121ನೇ ಸೋಲಿನ ದಾರಿಯಲ್ಲಿ: ಶಿಕಾಗೋ, ಡೆಟ್ರಾಯ್ಟ್, ಎಂಟು ದಿನ

ಸೆಪ್ಟೆಂಬರ್ 22, 2024. ಭಾನುವಾರ

ಬೆಳಿಗ್ಗೆ ಶಿಕಾಗೋದಲ್ಲಿ ಇಳಿದೆ. ಅಕ್ಕನ ಮನೆ ಇರುವುದು ನೇಪರ್‌ವಿಲ್‌ನಲ್ಲಿ. ಸ್ನಾನ ಮಾಡಿ, ಬಿಸಿ ಅನ್ನ ಸಾರು ಉಂಡ ಮೇಲೆ ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಭಾವ ಟೀವಿ ಹಾಕಿದರು. "ಈಗಲೇ ಮಲಗಿದ್ರೆ ರಾತ್ರಿಯೆಲ್ಲ ಎದ್ದಿರ್ತೀಯ. ಕೂತ್ಕೋ, ಮ್ಯಾಚ್ ನೋಡು" ಅಂದರು.

ಶಿಕಾಗೋ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡ ಸ್ಯಾನ್ ಡಿಯೇಗೋದಲ್ಲಿ ಆಡುತ್ತಿತ್ತು. 4-2ರಲ್ಲಿ ಸೋತಿತು. ಆ ವರ್ಷದ 120ನೇ ಸೋಲು ಅದು. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ 120 ಪಂದ್ಯ ಸೋತಿತ್ತು. 1901ರಿಂದ ಈಚೆಗೆ ಒಂದೇ ವರ್ಷದಲ್ಲಿ ಅದಕ್ಕಿಂತ ಜಾಸ್ತಿ ಸೋತ ತಂಡ ಇರಲಿಲ್ಲ. ಈಗ ವೈಟ್ ಸಾಕ್ಸ್ ಆ ಸಾಲಿಗೆ ಬಂದು ನಿಂತಿತ್ತು. ಇನ್ನು ಆರು ಪಂದ್ಯ ಬಾಕಿ. ಒಂದು ಸೋತರೂ ದಾಖಲೆ ಇವರ ಹೆಸರಿಗೆ.

ಭಾವ ಏನೂ ಮಾತಾಡಲಿಲ್ಲ. ಟೀವಿಯ ಸದ್ದು ಕಡಿಮೆ ಮಾಡಿ, ಕಾಫಿ ಲೋಟ ತೊಳೆಯಲು ಒಳಗೆ ಹೋದರು.

ನನಗೋ ನಿದ್ದೆಯೇ ಹಾರಿಹೋಗಿತ್ತು. ಮಂಗಳವಾರದಿಂದ ಮೂರು ಪಂದ್ಯ ಶಿಕಾಗೋದಲ್ಲೇ ಇವೆ. ನೂರಿಪ್ಪತ್ತು ವರ್ಷದಲ್ಲಿ ಆಗದ್ದು ನನ್ನ ಕಣ್ಣೆದುರೇ ಆಗಬಹುದು! "ಭಾವ, ಟಿಕೆಟ್ ಸಿಗುತ್ತಾ? ದಾಖಲೆ ಆಗೋದನ್ನ ನೋಡಬಹುದಲ್ವಾ?" ಅಂತ ಕೇಳಿದೆ.

ಅವರು ಲೋಟ ಒರೆಸುತ್ತಲೇ ಹೇಳಿದರು. "ಟಿಕೆಟ್ ಧಾರಾಳವಾಗಿ ಸಿಗುತ್ತೆ. ಆದ್ರೆ ನೀನು ದಾಖಲೆ ನೋಡೋಕೆ ಬರ್ತೀಯ. ನಾವು ಮ್ಯಾಚ್ ನೋಡೋಕೆ ಹೋಗ್ತೀವಿ."

ಆ ಮಾತು ಎಂಟು ದಿನವೂ ನನ್ನ ಜೊತೆಗೇ ಬಂತು.

ಸೆಪ್ಟೆಂಬರ್ 23, ಸೋಮವಾರ

ತಂಡಕ್ಕೆ ರಜೆ. ನಾನು ಒಬ್ಬನೇ ಊರು ನೋಡಲು ಹೊರಟೆ. ನೇಪರ್‌ವಿಲ್‌ನಿಂದ ಲೋಕಲ್ ಟ್ರೇನು ಹಿಡಿದು ಯೂನಿಯನ್ ಸ್ಟೇಷನ್, ಅಲ್ಲಿಂದ ನಡೆದು ಸ್ಟೇಟ್ ಸ್ಟ್ರೀಟ್, ಅಲ್ಲಿ ರೆಡ್ ಲೈನ್ ಮೆಟ್ರೋ. ಶಿಕಾಗೋದ ಎರಡೂ ಬೇಸ್‌ಬಾಲ್ ತಂಡಗಳು ಈ ಒಂದೇ ರೆಡ್ ಲೈನಿನ ಮೇಲಿವೆ. ಉತ್ತರಕ್ಕೆ ಹೋದರೆ ಕಬ್ಸ್, ದಕ್ಷಿಣಕ್ಕೆ ಬಂದರೆ ವೈಟ್ ಸಾಕ್ಸ್. ಪ್ರವಾಸಿಗಳು ಸಾಮಾನ್ಯವಾಗಿ ಉತ್ತರಕ್ಕೆ ಹೋಗುತ್ತಾರೆ. ಕಬ್ಸ್ ಮೈದಾನ ಹಳೆಯದು, ಗೋಡೆಗೆ ಬಳ್ಳಿ ಹಬ್ಬಿದೆ, ಫೋಟೋಕ್ಕೆ ಚೆಂದ. ನಾನು ದಕ್ಷಿಣಕ್ಕೆ ಹೋಗಿ 35ನೇ ಬೀದಿಯ ಸ್ಟೇಷನ್ನಿನಲ್ಲಿ ಇಳಿದೆ. ಪ್ಲಾಟ್‌ಫಾರ್ಮಿನ ಎರಡೂ ಕಡೆ ಹೆದ್ದಾರಿ, ನಡುವೆ ರೈಲು. ಇಲ್ಲಿಗೆ ಹತ್ತಿರದಲ್ಲೇ ಇಲಿನಾಯ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಇದನ್ನೂ ಐಐಟಿ ಅಂತಲೇ ಕರೆಯುತ್ತಾರೆ. ಬೆನ್ನಿಗೆ ಬ್ಯಾಗು ಹಾಕಿಕೊಂಡ ನಮ್ಮ ಕಡೆಯ ಹುಡುಗರು ತೆಲುಗು ಮಾತಾಡುತ್ತಾ ನನ್ನ ಪಕ್ಕದಲ್ಲೇ ಮೆಟ್ಟಿಲು ಹತ್ತಿದರು.

ಈಗಿನ ಸ್ಟೇಡಿಯಂ 1991ರದು. ಆಗಿನ ಹೆಸರು ಗ್ಯಾರಂಟೀಡ್ ರೇಟ್ ಫೀಲ್ಡ್. ಆ ಹೆಸರನ್ನು ಅಲ್ಲಿನ ಜನ ಬಾಯಿಗೆ ತಂದುಕೊಳ್ಳುವುದು ಕಡಿಮೆ. ಅವರಿಗೆ ಅದು ಸಾಕ್ಸ್ ಪಾರ್ಕ್, ಇಲ್ಲವೇ ಹಳೇ ಹೆಸರಿನ ಕೊಮಿಸ್ಕಿ. 1910ರಲ್ಲಿ ಕಟ್ಟಿದ ಹಳೆಯ ಕೊಮಿಸ್ಕಿ ಪಾರ್ಕ್ ರಸ್ತೆಯ ಆಚೆ ಬದಿಯಲ್ಲಿತ್ತು. ಅದನ್ನು ಕೆಡವಿ ಪಾರ್ಕಿಂಗ್ ಜಾಗ ಮಾಡಿದ್ದಾರೆ.

ಆ ಪಾರ್ಕಿಂಗ್ ಜಾಗದಲ್ಲಿ ಹುಡುಕಿದರೆ ಹಳೆಯ ಮೈದಾನದ ಹೋಮ್ ಪ್ಲೇಟ್ ಇದ್ದ ಕಡೆ ಒಂದು ಅಮೃತಶಿಲೆಯ ಹಲಗೆ ಸಿಗುತ್ತದೆ. ಬ್ಯಾಟರ್ ನಿಂತು ಹೊಡೆಯುವ ಜಾಗ ಅದು. ಮೈದಾನದ ಗಡಿಗೆರೆಗಳನ್ನೂ ಡಾಂಬರಿನ ಮೇಲೆ ಬಣ್ಣದಲ್ಲಿ ಎಳೆದಿದ್ದಾರೆ. ನಾನು ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಹಲಗೆಯ ಪಕ್ಕ ನಿಂತೆ. ಬೇಸ್‌ಬಾಲಿನ ಮೊಟ್ಟಮೊದಲ ಆಲ್‌ಸ್ಟಾರ್ ಪಂದ್ಯ 1933ರಲ್ಲಿ ನಡೆದದ್ದು ಇಲ್ಲೇ. ಕರಿಯ ಆಟಗಾರರನ್ನು ದೊಡ್ಡ ಲೀಗಿಗೆ ಸೇರಿಸದೇ ಇದ್ದ ಕಾಲದಲ್ಲಿ ಅವರ ನೀಗ್ರೋ ಲೀಗಿನ ಆಲ್‌ಸ್ಟಾರ್ ಪಂದ್ಯವೂ ಅದೇ ವರ್ಷದಿಂದ ಇಲ್ಲೇ ನಡೆಯಿತು. 1919ರಲ್ಲಿ ದುಡ್ಡು ತಿಂದು ವರ್ಲ್ಡ್ ಸೀರೀಸ್ (ಎರಡು ಲೀಗುಗಳನ್ನು ಗೆದ್ದ ತಂಡಗಳ ನಡುವಿನ ಅಂತಿಮ ಸರಣಿ) ಬಿಟ್ಟುಕೊಟ್ಟ ಆರೋಪ ಹೊತ್ತು, ಆಜೀವ ನಿಷೇಧಕ್ಕೆ ಒಳಗಾದ ಎಂಟು ಜನ ವೈಟ್ ಸಾಕ್ಸ್ ಆಟಗಾರರು ಆಡಿದ್ದೂ ಇದೇ ನೆಲದಲ್ಲಿ.

ಹೊಸ ಸ್ಟೇಡಿಯಮ್ಮಿನ ಮುಂದೆ 2005ರ ಗೆಲುವಿನ ಸ್ಮಾರಕ ಇದೆ. ಆ ವರ್ಷ ವೈಟ್ ಸಾಕ್ಸ್ 88 ವರ್ಷದ ನಂತರ ವರ್ಲ್ಡ್ ಸೀರೀಸ್ ಗೆದ್ದಿತು, ಹ್ಯೂಸ್ಟನ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋಲಿಸಿ. ಸ್ಮಾರಕದ ಸುತ್ತ ನೆಲಕ್ಕೆ ಇಟ್ಟಿಗೆ ಹಾಸಿದ್ದಾರೆ. ದುಡ್ಡು ಕೊಟ್ಟ ಅಭಿಮಾನಿಗಳ ಮಾತನ್ನು ಅವುಗಳ ಮೇಲೆ ಕೊರೆದಿದ್ದಾರೆ. ಅಪ್ಪನ ಹೆಸರು, ಅಜ್ಜನ ಹೆಸರು, ಮದುವೆಯ ತಾರೀಖು. ಒಂದೊಂದೇ ಓದುತ್ತಾ ಹೋದೆ. ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ನಮ್ಮಲ್ಲಿ ದೇವಸ್ಥಾನದ ಮೆಟ್ಟಿಲಿಗೆ ಹೆಸರು ಕೆತ್ತಿಸುತ್ತಾರಲ್ಲ, ಹಾಗೆಯೇ. ಹೆಸರಿನ ಮೇಲೆ ಜನ ನಡೆದು ಹೋಗಲಿ ಅಂತಲೇ ಕೆತ್ತಿಸಿದ್ದು.

ಭಾವ ಈ ದೇಶಕ್ಕೆ ಬಂದದ್ದು 2005ರ ಆಗಸ್ಟಿನಲ್ಲಿ. ಎರಡೇ ತಿಂಗಳಿಗೆ ಅವರ ಆಫೀಸಿನ ಕಿಟಕಿಯ ಕೆಳಗೆ ಗೆದ್ದವರ ಮೆರವಣಿಗೆ ಹೋಯಿತು. ಅಕ್ಟೋಬರ್ 28, ಶುಕ್ರವಾರ. ಆಗಿನ್ನೂ ಆಟದ ನಿಯಮವೇ ಅವರಿಗೆ ಗೊತ್ತಿರಲಿಲ್ಲ. ಆದರೆ ಊರಿನಲ್ಲಿ ಯಾರ ಪರಿಚಯವೂ ಇಲ್ಲದ ಹೊತ್ತಿನಲ್ಲಿ, ಗುರುತಿಲ್ಲದವರು ತಬ್ಬಿಕೊಂಡರಂತೆ. ಅವತ್ತು ತೆಗೆದುಕೊಂಡ ಕಪ್ಪು ಟೋಪಿ ಈಗ ಬೂದಿ ಬಣ್ಣಕ್ಕೆ ತಿರುಗಿದೆ. ಅದೇ ಟೋಪಿ ಈಗಲೂ.

ಸೆಪ್ಟೆಂಬರ್ 24, ಮಂಗಳವಾರ

ಸಂಜೆ ಭಾವ, ನಾನು, ಅಕ್ಕನ ಮಗ ಪುಟ್ಟ, ಮೂವರೂ ಹೋದೆವು. ಪುಟ್ಟನಿಗೆ ಹದಿಮೂರು. ಅವನ ಕ್ಲಾಸಿನಲ್ಲಿ ಜಾಸ್ತಿ ಜನ ಕಬ್ಸ್ ಕಡೆಯವರು. ಈ ವರ್ಷ ಸಾಕ್ಸ್ ಟೋಪಿ ಹಾಕಿಕೊಂಡು ಸ್ಕೂಲಿಗೆ ಹೋಗುವುದನ್ನು ಅವನು ನಿಲ್ಲಿಸಿದ್ದ. ಇವತ್ತು ಹಾಕಿಕೊಂಡಿದ್ದ.

ಎದುರಾಳಿ ಲಾಸ್ ಏಂಜಲೀಸ್ ಏಂಜಲ್ಸ್. ಅವರದೂ ಕೆಟ್ಟ ವರ್ಷವೇ.

ಒಳಗೆ ಹೋದ ಕೂಡಲೇ ಭಾವ ಎಲೋಟೆ ಅಂಗಡಿಗೆ ಕರೆದುಕೊಂಡು ಹೋದರು. ಮೆಕ್ಸಿಕೋದವರ ತಿಂಡಿ ಅದು. ಬೇಯಿಸಿದ ಜೋಳದ ತೆನೆಯನ್ನು ನಮ್ಮೆದುರೇ ಚಾಕುವಿನಿಂದ ಕೊಯ್ದು, ಕಾಳನ್ನು ಕಪ್ಪಿಗೆ ಉದುರಿಸಿ, ಬೆಣ್ಣೆ, ಚೀಸು, ಮೆಣಸಿನ ಪುಡಿ, ನಿಂಬೆಹುಳಿ ಹಾಕಿ ಕೊಡುತ್ತಾರೆ. ಮೊದಲ ಚಮಚಕ್ಕೇ ಕಬ್ಬನ್ ಪಾರ್ಕಿನ ಮುಂದಿನ ಗಾಡಿ ನೆನಪಾಯಿತು. ತಿನ್ನುತ್ತಾ ಹೊರಾಂಗಣದ ಸುತ್ತ ಹಳೆಯ ಆಟಗಾರರ ಕಂಚಿನ ಪ್ರತಿಮೆ ನೋಡಿದೆವು. ಮಿನ್ನಿ ಮಿನ್ಯೋಸೋ ಮುಂದೆ ಭಾವ ಸ್ವಲ್ಪ ಹೊತ್ತು ನಿಂತರು. ಕ್ಯೂಬಾದಿಂದ ಬಂದವನು. 1951ರಲ್ಲಿ ವೈಟ್ ಸಾಕ್ಸ್ ಪರ ಆಡಿದ ಮೊದಲ ಕರಿಯ ಆಟಗಾರ.

40 ಸಾವಿರ ಸೀಟಿನ ಸ್ಟೇಡಿಯಂ. ಅರ್ಧವೂ ತುಂಬಿರಲಿಲ್ಲ. ಆದರೂ ಆ ವರ್ಷದ ಲೆಕ್ಕಕ್ಕೆ ಅದು ಜಾಸ್ತಿ ಜನವೇ ಅಂದರು ಭಾವ. ಬಂದವರಲ್ಲಿ ಎರಡು ಥರ ಇದ್ದದ್ದು ಬೇಗ ಗೊತ್ತಾಯಿತು. ಒಂದು, ನನ್ನ ಥರದವರು. ಕೈಯಲ್ಲಿ ಫೋನು, 121 ಅಂತ ಬರೆದ ರಟ್ಟು. ಇನ್ನೊಂದು, ಏನೂ ಹಿಡಿದುಕೊಳ್ಳದೆ ಸುಮ್ನೆ ಬಂದು ತಮ್ಮ ಜಾಗದಲ್ಲಿ ಕೂತವರು.

ನನ್ನ ಬಲಗಡೆ ಎರಡನೇ ಥರದವರೊಬ್ಬರು. ಎಪ್ಪತ್ತು ದಾಟಿದ ಅಜ್ಜ. ಮೈದಾನದ ಪಕ್ಕದ ಬ್ರಿಜ್‌ಪೋರ್ಟಿನಲ್ಲೇ ಹುಟ್ಟಿ ಬೆಳೆದವರಂತೆ. ತೊಡೆಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಸ್ಕೋರ್‌ಪುಸ್ತಕ, ಕಿವಿಯ ಹಿಂದೆ ಪೆನ್ಸಿಲು. ಪುಟ್ಟ ಬಗ್ಗಿ ನೋಡುತ್ತಿದ್ದದ್ದು ಕಂಡು ಪುಸ್ತಕವನ್ನು ಅವನ ಕಡೆಗೆ ಸ್ವಲ್ಪ ತಿರುಗಿಸಿದರು.

ಆ ಪುಟ ನೋಡಲು ನಮ್ಮ ಗುಣಾಕಾರದ ಕೋಷ್ಟಕದ ಥರ ಇತ್ತು. ಎಡಕ್ಕೆ ಒಂಬತ್ತು ಬ್ಯಾಟರ್‌ಗಳ ಹೆಸರು, ಮೇಲೆ ಒಂಬತ್ತು ಇನಿಂಗ್ಸ್. ಪ್ರತಿ ಮನೆಯೊಳಗೆ ಒಂದು ಸಣ್ಣ ವಜ್ರದ ಆಕಾರ. ಆಟಗಾರ ಮೊದಲ ಬೇಸಿಗೆ, ಅಂದರೆ ಓಡಿ ಮುಟ್ಟಬೇಕಾದ ಮೊದಲ ಮೂಲೆಗೆ, ಹೋದರೆ ವಜ್ರದ ಒಂದು ಬದಿ ತಿದ್ದಬೇಕು. ಪೂರ್ತಿ ಸುತ್ತಿ ಹೋಮ್ ಪ್ಲೇಟಿಗೆ ವಾಪಸ್ ಬಂದು ರನ್ ಆದರೆ ವಜ್ರವನ್ನು ಪೂರ್ತಿ ತುಂಬಬೇಕು. ಚೆಂಡು ಸಿಗದೆ ಬೀಸಿ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಬೀಸದೆ ಸುಮ್ಮನೆ ನಿಂತು ಔಟಾದರೆ ಅದೇ ಕೆ, ಆದರೆ ತಿರುಗುಮುರುಗು. ಫೀಲ್ಡರ್‌ಗಳಿಗೆ ಒಂದರಿಂದ ಒಂಬತ್ತರವರೆಗೆ ನಂಬರು. ಅಜ್ಜ ಪೆನ್ಸಿಲನ್ನು ಒತ್ತುತ್ತಿರಲಿಲ್ಲ. ತಪ್ಪಾದರೆ ಅಳಿಸಲು ಬರಲಿ ಅಂತ ಮೆಲ್ಲಗೆ ಬರೆಯುತ್ತಿದ್ದರು.

1959ರ ಸೆಪ್ಟೆಂಬರ್ 22ರ ರಾತ್ರಿ ಸಾಕ್ಸ್ 40 ವರ್ಷದ ಮೇಲೆ ಲೀಗ್ ಗೆದ್ದಾಗ ಅವರು ಸಣ್ಣ ಹುಡುಗ. ಆ ಖುಷಿಗೆ ಊರಿನ ಅಗ್ನಿಶಾಮಕ ಮುಖ್ಯಸ್ಥ ವಿಮಾನದಾಳಿಯ ಸೈರನ್ ಊದಿಸಿಬಿಟ್ಟ. ಶೀತಲ ಸಮರದ ಕಾಲ. ರಷ್ಯಾದವರು ಬಾಂಬು ಹಾಕಿದರು ಅಂತ ಜನ ಹೆದರಿ ನೆಲಮಾಳಿಗೆಗೆ ಓಡಿದರು. "ಅಮ್ಮ ನಮ್ಮನ್ನ ಕೆಳಗೆ ಕರ್ಕೊಂಡು ಹೋದಳು. ಅಪ್ಪ ಮಾತ್ರ ರೇಡಿಯೋ ಬಿಟ್ಟು ಬರಲಿಲ್ಲ" ಅಂದರು ಅಜ್ಜ. ಮೊನ್ನೆ 120ನೇ ಸೋಲು ಬಂದದ್ದೂ ಸೆಪ್ಟೆಂಬರ್ 22ಕ್ಕೇ. ಸರಿಯಾಗಿ 65 ವರ್ಷ.

ಏಳು ಇನಿಂಗ್ಸ್ ಮುಗಿಯಿತು. ಸಾಕ್ಸ್ 2-0 ಹಿಂದೆ. ಅಜ್ಜ ಪುಟ್ಟನಿಗೆ ಒಂದು ಲೆಕ್ಕ ಹೇಳಿದರು. ಈ ವರ್ಷ ಏಳು ಇನಿಂಗ್ಸ್ ಆದಾಗ ಹಿಂದಿದ್ದ ಪಂದ್ಯ 94. ಅದರಲ್ಲಿ ಗೆದ್ದದ್ದು ಒಂದೂ ಇಲ್ಲ.

ಆಗಲೇ ಕೂಗು ಎದ್ದಿತು. "ಸೆಲ್ ದ ಟೀಮ್! ಸೆಲ್ ದ ಟೀಮ್!" ತಂಡವನ್ನು ಮಾರಿಬಿಡು. ಇದು ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್‌ಗೆ ಹೇಳುವ ಮಾತು. 1981ರಿಂದ ತಂಡ ಅವರ ಗುಂಪಿನ ಕೈಯಲ್ಲಿದೆ. ಮೈಕೇಲ್ ಜೋರ್ಡನ್ ಆಡಿದ ಶಿಕಾಗೋ ಬುಲ್ಸ್ ಕೂಡ ಅವರದೇ. ಕೂಗುವವರ ಮುಖ ನೋಡಿದೆ. ಸೋತರಲ್ಲ ಅನ್ನುವ ಸಿಟ್ಟು ಅದಾಗಿರಲಿಲ್ಲ. ಸೋಲು ಈ ಜನಕ್ಕೆ ಹೊಸದಲ್ಲ. ನಮ್ಮ ಮನೆಯನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಅನ್ನುವಾಗ ಬರುವ ಸಿಟ್ಟು ಬೇರೆ. ಅದು ಗೊತ್ತಾಗುತ್ತದೆ. ಅಪ್ಪನ ಹೆಸರಿನ ಇಟ್ಟಿಗೆ ಹೊರಗೆ ನೆಲದಲ್ಲಿದೆಯಲ್ಲ, ಆ ಕಡೆಯಿಂದ ಬರುವ ಸಿಟ್ಟು.

ಎಂಟನೇ ಇನಿಂಗ್ಸ್. ಸಾಕ್ಸ್ ರನ್ ತೆಗೆಯಲು ಶುರು ಮಾಡಿತು. ಅಜ್ಜನ ಪುಟದಲ್ಲಿ ಇಡೀ ಸಂಜೆ ಖಾಲಿ ಉಳಿದಿದ್ದ ವಜ್ರಗಳು ತುಂಬತೊಡಗಿದವು. ಆಂಡ್ರ್ಯೂ ಬೆನಿಂಟೆಂಡಿ ಹೊಡೆದ ಹಿಟ್‌ಗೆ ತಂಡ 3-2 ಮುಂದೆ ಹೋಯಿತು. ಪುಟ್ಟ ಸೀಟಿನ ಮೇಲೆ ಹತ್ತಿ ನಿಂತಿದ್ದ. 121 ಅಂತ ರಟ್ಟು ಹಿಡಿದಿದ್ದವರಲ್ಲಿ ಕೆಲವರು ಅದನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನಾನು ನನ್ನ ಫೋನನ್ನು ಜೇಬಿಗೆ ಹಾಕಿಕೊಂಡೆ. ಆ ಕ್ಷಣದಲ್ಲಿ ನನಗೆ ದಾಖಲೆ ಬೇಡವಾಗಿತ್ತು, ನಿಜಕ್ಕೂ.

ಗೆದ್ದರು. ಇಲ್ಲಿ ಗೆದ್ದರೆ ಸ್ಕೋರ್‌ಬೋರ್ಡಿನಿಂದ ಪಟಾಕಿ ಹಾರುತ್ತದೆ. ಸ್ಕೋರ್‌ಬೋರ್ಡಿಗೆ ಪಟಾಕಿ ಕಟ್ಟಿದ್ದು ಹಿಂದಿನ ಮಾಲೀಕ ಬಿಲ್ ವೆಕ್, 1960ರಲ್ಲಿ. ಹೊಗೆ ಕರಗುವವರೆಗೂ ಅಜ್ಜ ಕೂತೇ ಇದ್ದು, ಪುಟದ ಕೆಳಗೆ ಮೊತ್ತ ಬರೆದು, ಪೆನ್ಸಿಲನ್ನು ಪುಟ್ಟನ ಕೈಗೆ ಕೊಟ್ಟರು. "ನಾಳೆಯಿಂದ ನೀನು ಬರಿ."

ವಾಪಸ್ ರೈಲಿನಲ್ಲಿ ಭಾವ ಮಾತಿಗೆ ಸಿಕ್ಕರು. ಇಷ್ಟು ದೊಡ್ಡ ತಂಡ ಹೀಗ್ಯಾಕಾಯಿತು ಅಂತ ಕೇಳಿದೆ.

"ಒಂದೇ ವರ್ಷದಲ್ಲಿ ಆಗಿದ್ದಲ್ಲ ಇದು" ಅಂದರು. 2016ರ ಕೊನೆಯಲ್ಲಿ ಕ್ರಿಸ್ ಸೇಲ್‌ನಂಥ ಪಿಚರನ್ನು (ಚೆಂಡು ಎಸೆಯುವವನನ್ನು) ಬಾಸ್ಟನ್‌ಗೆ ಕೊಟ್ಟು, ಬದಲಿಗೆ ಹುಡುಗರನ್ನು ತಂದರು. ಕೆಲವು ವರ್ಷ ಸೋಲೋಣ, ಹುಡುಗರು ಬೆಳೆಯಲಿ, ಆಮೇಲೆ ಹತ್ತು ವರ್ಷ ಗೆಲ್ಲೋಣ ಅನ್ನುವ ಯೋಜನೆ. ಜನ ನಂಬಿದರು, ಕಾದರು. 2021ರಲ್ಲಿ 93 ಪಂದ್ಯ ಗೆದ್ದು ತಮ್ಮ ವಿಭಾಗದಲ್ಲಿ ಮೊದಲು ಬಂದರು. ಮರುವರ್ಷ 81. ಅದರ ಮರುವರ್ಷ 61. 2024ರ ಮಾರ್ಚಿನಲ್ಲಿ, ಸೀಸನ್ ಶುರುವಾಗುವ ಮೊದಲೇ, ಇದ್ದೊಬ್ಬ ದೊಡ್ಡ ಪಿಚರ್ ಡಿಲನ್ ಸೀಸ್‌ನನ್ನೂ ಸ್ಯಾನ್ ಡಿಯೇಗೋಗೆ ಕೊಟ್ಟರು. ಅವನು ಜುಲೈನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ ಎಸೆದ. ಇತ್ತ ಸೀಸನ್ನಿನ ಮೊದಲ ಎರಡು ವಾರದೊಳಗೆ ಹಿಮೆನೆಸ್, ರಾಬರ್ಟ್, ಮೊಂಕಾಡಾ ಮೂವರೂ ಗಾಯಗೊಂಡರು. ಹತ್ತು ವರ್ಷ ಗೆಲ್ಲಿಸಬೇಕಾಗಿದ್ದ ಹುಡುಗರು ಅವರೇ. ಮೊದಲ 25 ಪಂದ್ಯದಲ್ಲಿ 22 ಸೋಲು. ಒಮ್ಮೆ ಸತತ 14 ಸೋಲು, ಆಮೇಲೆ ಸತತ 21. ಆಗಸ್ಟ್ 6ರಂದು ಓಕ್ಲೆಂಡ್‌ನಲ್ಲಿ ಆ ಸರಣಿ ಮುರಿದು ಗೆದ್ದರು. ಎರಡು ದಿನಕ್ಕೆ ಮ್ಯಾನೇಜರ್ ಪೆಡ್ರೋ ಗ್ರಿಫೋಲ್ ಅವರನ್ನು ತೆಗೆದರು.

"ಈ ತಂಡ ಇದುವರೆಗೆ ಒಬ್ಬ ಆಟಗಾರನ ಜೊತೆ ಮಾಡಿಕೊಂಡ ಅತಿ ದೊಡ್ಡ ಒಪ್ಪಂದ ಎಷ್ಟು ಗೊತ್ತಾ? 7.5 ಕೋಟಿ ಡಾಲರ್, ಐದು ವರ್ಷಕ್ಕೆ. ಇವತ್ತು ಗೆಲ್ಲಿಸಿದನಲ್ಲ, ಬೆನಿಂಟೆಂಡಿ, ಅವನಿಗೇ. ಬೇರೆ ತಂಡದವರು 30 ಕೋಟಿ ಕೊಡ್ತಾರೆ" ಅಂದರು. ಬೇಸ್‌ಬಾಲಿನಲ್ಲಿ 162 ಪಂದ್ಯ. ಎಲ್ಲರಿಗಿಂತ ಚೆನ್ನಾಗಿ ಆಡಿದ ತಂಡವೂ 60 ಚಿಲ್ಲರೆ ಸೋಲುತ್ತದೆ, ತೀರಾ ಕೆಟ್ಟ ತಂಡವೂ 50-60 ಗೆಲ್ಲುವುದು ವಾಡಿಕೆ. ಆರು ತಿಂಗಳು ಹೆಚ್ಚುಕಡಿಮೆ ದಿನಾ ಆಟ. ನಮ್ಮ ಆರ್‌ಸಿಬಿ ಸೋತರೆ ಮುಂದಿನ ಪಂದ್ಯಕ್ಕೆ ಮೂರು ನಾಲ್ಕು ದಿನ ಇರುತ್ತದೆ, ದುಃಖ ಸ್ವಲ್ಪ ಇಳಿಯುತ್ತದೆ. ಇಲ್ಲಿ ಸಂಜೆ ಆಫೀಸಿನಿಂದ ಬಂದರೆ ಸೋಲು. ಮರುದಿನ ಸಂಜೆಯೂ ಸೋಲು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ, ಊಟದ ಜೊತೆ ಬಡಿಸಿದ ಹಾಗೆ.

"ಆದ್ರೂ ಹಾಕ್ತೀರಲ್ಲ ಭಾವ, ಟೀವಿ?"

"ಹಾಕದೆ ಏನ್ ಮಾಡ್ಲಿ? ಹುಡುಗರು ಆಡ್ತಾ ಇರ್ತಾರೆ ಅಲ್ಲಿ."

ಸೆಪ್ಟೆಂಬರ್ 25, ಬುಧವಾರ

ಇಡೀ ದಿನ ಮನೆಯಲ್ಲೇ. ಅಕ್ಕನ ಜೊತೆ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಬಂದೆ. ಸಂಜೆ ಪುಟ್ಟ ತನ್ನ ಗೆರೆ ನೋಟ್‌ಬುಕ್ಕಿನಲ್ಲಿ ಸ್ಕೇಲು ಇಟ್ಟು ಮನೆಗಳನ್ನು ಎಳೆದ. ಹಿಂದಿನ ರಾತ್ರಿಯ ಪಂದ್ಯವನ್ನು ಫೋನಿನಲ್ಲಿ ನೋಡಿಕೊಂಡು ಮೊದಲ ಪುಟಕ್ಕೆ ಇಳಿಸಿದ್ದ. ಈಗ ಎರಡನೇ ಪುಟ.

ಟೀವಿಯಲ್ಲಿ ನೋಡಿದೆವು. ಒಂಬತ್ತು ಇನಿಂಗ್ಸಿಗೆ ಮುಗಿಯದೆ ಹತ್ತನೆಯದಕ್ಕೆ ಹೋಯಿತು. ಪುಟ್ಟ ಒಂಬತ್ತೇ ಮನೆ ಎಳೆದಿದ್ದ. ಓಡಿಹೋಗಿ ಸ್ಕೇಲು ತಂದು ಇನ್ನೊಂದು ಎಳೆದ. ಮತ್ತೆ ಬೆನಿಂಟೆಂಡಿ, ಮತ್ತೆ ಗೆಲುವು, 4-3. ಅಕ್ಕ ರಾತ್ರಿ ಹನ್ನೊಂದಕ್ಕೆ ಎಲ್ಲರಿಗೂ ಬಿಸಿ ಹಾಲು ಕೊಟ್ಟಳು.

ಸೆಪ್ಟೆಂಬರ್ 26, ಗುರುವಾರ

ಶಿಕಾಗೋದಲ್ಲಿ ಈ ವರ್ಷದ ಕೊನೆಯ ಪಂದ್ಯ, ಹಗಲು ಹೊತ್ತು. ಪುಟ್ಟನಿಗೆ ಸ್ಕೂಲು. ಅವನು ನೋಟ್‌ಬುಕ್ಕು, ಪೆನ್ಸಿಲು ಎರಡನ್ನೂ ನನ್ನ ಕೈಗೆ ಕೊಟ್ಟು, "ಮಾಮ, ಒಂದೂ ಬಿಡಬೇಡಿ" ಅಂದ.

ಬಿಡಲಿಲ್ಲ. ಮೊದಲ ಸಲ ನಾನು ಆ ಆಟವನ್ನು ಪೂರ್ತಿ ನೋಡಿದ್ದು ಅವತ್ತೇ ಅನ್ನಬೇಕು. ಬರೆಯಬೇಕಾದರೆ ಕಣ್ಣು ಆಚೆ ಈಚೆ ಹೋಗುವ ಹಾಗಿಲ್ಲ. ಬ್ಯಾಟರ್ ಸುಮ್ಮನೆ ನಿಂತನೋ, ಬೀಸಿದನೋ. ಚೆಂಡು ಮೊದಲು ಯಾರ ಕೈಗೆ ಹೋಯಿತು, ಅಲ್ಲಿಂದ ಯಾರಿಗೆ. ಎದುರಾಳಿಯ ಮನೆಗಳು ಒಂದರ ಹಿಂದೆ ಒಂದು ಖಾಲಿ ವಜ್ರವಾಗಿಯೇ ಉಳಿದವು. ಎಸೆಯುತ್ತಿದ್ದವನು ಕ್ರಿಸ್ ಫ್ಲೆಕ್ಸೆನ್. ಈ ವರ್ಷ 15 ಪಂದ್ಯದ ಸೋಲು ಅವನ ಹೆಸರಿನಲ್ಲಿತ್ತು. ಇವತ್ತು ಅವನ ಕೈಯಿಂದ ಒಂದೂ ರನ್ ಹೋಗಲಿಲ್ಲ. ಏಳನೇ ಇನಿಂಗ್ಸಿನಲ್ಲಿ ಅವನು ಹೊರಗೆ ನಡೆದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 15 ಸಲ ಸೋತವನಿಗೆ ಎದ್ದು ನಿಂತ ಜನ ಅವರು. ನನ್ನ ಕಣ್ಣಲ್ಲಿ ನೀರು ಬಂತು.

7-0. ಮೂರಕ್ಕೆ ಮೂರೂ ಗೆದ್ದರು. ಊರಿನ ಜನರ ಮುಂದೆ ಆ ದಾಖಲೆ ಆಗಲಿಲ್ಲ.

ವಾಪಸ್ ಬರುವಾಗ ಫೋನಿನಲ್ಲಿ ಓಕ್ಲೆಂಡ್ ಸುದ್ದಿ. ಅದೇ ಮಧ್ಯಾಹ್ನ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ ತನ್ನ ಹಳೆಯ ಕೊಲಿಸಿಯಂನಲ್ಲಿ ಕೊನೆಯ ಪಂದ್ಯ ಆಡಿತ್ತು. ತಂಡ ಆ ಊರನ್ನೇ ಬಿಟ್ಟು ಹೋಗುತ್ತಿದೆ. ಸ್ಟೇಡಿಯಂ ತುಂಬಿತ್ತು, ಹಿರಿಯರು ಅಳುತ್ತಿದ್ದರು. "ಸೆಲ್ ದ ಟೀಮ್" ಅಂತ ಅಲ್ಲಿಯವರೂ ಎರಡು ವರ್ಷ ಕೂಗಿದ್ದರು. ಭಾವ ಆ ವಿಡಿಯೋವನ್ನು ಎರಡು ಸಲ ನೋಡಿ ಫೋನು ಬದಿಗಿಟ್ಟರು. ಸೋಲುವ ತಂಡ ಇದ್ದರೂ ಇದೆ. ಅದೂ ಇಲ್ಲದ ಊರಿನ ಸಂಜೆ ಹೇಗಿರುತ್ತದೋ.

ಸೆಪ್ಟೆಂಬರ್ 27, ಶುಕ್ರವಾರ

ಬೆಳಿಗ್ಗೆ ಭಾವ ಕಾರಿನ ಕೀಲಿ ಹಿಡಿದು ನಿಂತಿದ್ದರು. "ಡೆಟ್ರಾಯ್ಟ್‌ಗೆ ಹೋಗೋಣ." ಸಾಕ್ಸ್‌ನ ಕೊನೆಯ ಮೂರು ಪಂದ್ಯ ಅಲ್ಲಿದ್ದವು. ಆಫೀಸಿಗೆ ರಜೆ ಹಾಕಿದ್ದರು. ಪುಟ್ಟನ ಸ್ಕೂಲಿನ ಬಗ್ಗೆ ಅಕ್ಕ ಒಂದು ನಿಮಿಷ ಯೋಚಿಸಿ, ಪುಳಿಯೋಗರೆ ಕಟ್ಟಿಕೊಟ್ಟಳು.

ಮುನ್ನೂರು ಮೈಲಿ, ಐದು ಗಂಟೆ ದಾರಿ. ಜೊತೆಗೆ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಮಿಶಿಗನ್‌ಗೆ ದಾಟಿದ ಮೇಲೆ ರಸ್ತೆಯ ಪಕ್ಕ ಸೇಬು ಮಾರುವ ಬೋರ್ಡುಗಳು. ಕಲಮಜೂ ಹತ್ತಿರ ಒಂದು ಮರದ ಕೆಳಗೆ ನಿಲ್ಲಿಸಿ ಪುಳಿಯೋಗರೆ ತಿಂದೆವು.

ಡೆಟ್ರಾಯ್ಟ್ ಟೈಗರ್ಸ್ ಆ ವರ್ಷದ ಬೇರೆಯೇ ಕಥೆ. ಆಗಸ್ಟ್ 10ರಂದು 55 ಗೆದ್ದು 63 ಸೋತು ಕೂತಿದ್ದ ತಂಡ. ಪ್ಲೇಆಫ್ ಸಾಧ್ಯತೆ 0.2 ಪರ್ಸೆಂಟ್ ಅಂದಿದ್ದರು. ಅಲ್ಲಿಂದ ಎದ್ದು, ಇವತ್ತು ಗೆದ್ದರೆ 2014ರ ನಂತರ ಮೊದಲ ಸಲ ಪ್ಲೇಆಫ್ ಅನ್ನುವಲ್ಲಿಗೆ ಬಂದಿತ್ತು. ಕೊಮೆರಿಕಾ ಪಾರ್ಕಿನ ಬಾಗಿಲಲ್ಲಿ ಬಾಯಿ ತೆರೆದ ದೊಡ್ಡ ಹುಲಿಯ ಪ್ರತಿಮೆ. ಅದರ ಕೆಳಗೆ ಜನಜಂಗುಳಿ. ನಮ್ಮ ಮೂರು ಕಪ್ಪು ಟೋಪಿ ಎಲ್ಲರಿಗೂ ಕಾಣುತ್ತಿದ್ದವು. ಯಾರೂ ಹೀಯಾಳಿಸಲಿಲ್ಲ.

ಪಕ್ಕದ ಸೀಟಿನ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದರು. ಪುಟ್ಟನ ನೋಟ್‌ಬುಕ್ಕು ನೋಡಿ ಮಾತಿಗೆ ಬಂದರು. "2003ರಲ್ಲಿ ನಾವು 119 ಸೋತಿದ್ವಿ. ನಾನು ಇಲ್ಲೇ ಕೂತಿದ್ದೆ." ಆಗಲೂ ಮೆಟ್ಸ್ ದಾಖಲೆ ಎದುರಿಗಿತ್ತು. ಕೊನೆಯ ಆರರಲ್ಲಿ ಐದು ಗೆದ್ದು ಟೈಗರ್ಸ್ ತಪ್ಪಿಸಿಕೊಂಡಿತು. ಅದರಲ್ಲಿ ಒಂದು ಪಂದ್ಯ 8-0 ಹಿಂದಿದ್ದು 9-8ಕ್ಕೆ ಗೆದ್ದದ್ದು. ಅದೂ ಸೆಪ್ಟೆಂಬರ್ 27ರಂದೇ, ಇದೇ ಮೈದಾನದಲ್ಲಿ. ಮೂರು ವರ್ಷಕ್ಕೆ, 2006ರಲ್ಲಿ, ಅದೇ ತಂಡ ವರ್ಲ್ಡ್ ಸೀರೀಸ್ ಆಡಿತು. ಆ ಹೆಂಗಸು ಇದನ್ನೆಲ್ಲ ಸಮಾಧಾನ ಹೇಳುವವರ ಥರ ಹೇಳಲಿಲ್ಲ. ಒಂದೇ ಕಾಯಿಲೆ ಬಂದುಹೋದವರು ಇನ್ನೊಬ್ಬರ ಜೊತೆ ಮಾತಾಡುತ್ತಾರಲ್ಲ, ಹಾಗೆ.

4-1. ಸಾಕ್ಸ್ ಸೋತಿತು. 121.

ಕೊನೆಯ ಔಟ್ ಆದಾಗ ಇಡೀ ಸ್ಟೇಡಿಯಂ ಹಾರಿತು. ಟೈಗರ್ಸ್ ಹುಡುಗರು ಮೈದಾನದ ನಡುವೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ನಾನು ಆ ಕಡೆ ನೋಡಲಿಲ್ಲ. ಇತ್ತ ಸಾಕ್ಸ್ ಹುಡುಗರು ಬ್ಯಾಟು, ಗ್ಲೌಸು ಎತ್ತಿಕೊಂಡು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ಅಷ್ಟು ಗದ್ದಲದಲ್ಲಿ ಭಾವ ಎದ್ದು ನಿಂತು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೊನೆಯವನು ಕಾಣದಾಗುವವರೆಗೆ ಚಪ್ಪಾಳೆ ತಟ್ಟಿದರು. ಆ ಸದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ. ಕೈ ಮಾತ್ರ ಕಾಣುತ್ತಿತ್ತು.

ಪುಟ್ಟ ಪೆನ್ಸಿಲು ಹಿಡಿದು ಕೂತೇ ಇದ್ದ. "ಅಪ್ಪಾ, ಇದನ್ನೂ ಬರೀಬೇಕಾ?"

"ಬರಿ. ಪೂರ್ತಿ ಬರಿ."

ಅವನು ಕೊನೆಯ ಮನೆ ತುಂಬಿದ.

ಸೆಪ್ಟೆಂಬರ್ 28, ಶನಿವಾರ

ಬೆಳಿಗ್ಗೆ ಡಿಯರ್‌ಬಾರ್ನ್‌ನಲ್ಲಿ ಅರಬರ ಅಂಗಡಿಯ ಫಲಾಫಲ್, ಬಿಸಿ ರೊಟ್ಟಿ. ಆಮೇಲೆ ವಾಪಸ್ ದಾರಿ. ಭಾವ ರಾತ್ರಿಯಿಂದ ಜಾಸ್ತಿ ಮಾತಾಡಿರಲಿಲ್ಲ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಕಾರಿನಲ್ಲಿ ಕಾಮೆಂಟರಿ ಹಾಕಿದರು. ನನಗೆ ಆಶ್ಚರ್ಯವಾಗಲಿಲ್ಲ. ಹಿಂದಿನ ಸೀಟಿನಲ್ಲಿ ಪುಟ್ಟ ಕೇಳಿ ಕೇಳಿ ಬರೆದ. ಗೆಲುವು, 4-0.

ಸೆಪ್ಟೆಂಬರ್ 29, ಭಾನುವಾರ

ಸೀಸನ್ನಿನ ಕೊನೆಯ ಪಂದ್ಯ. 2005ರ ಟೋಪಿ ಸೋಫಾದ ಕೈ ಮೇಲೆ. 9-5ಕ್ಕೆ ಗೆದ್ದರು. ಒಟ್ಟು 41 ಗೆಲುವು, 121 ಸೋಲು. ಟೀವಿಯವರು ಆ ಎರಡು ನಂಬರನ್ನು ತುಂಬಾ ಹೊತ್ತು ತೋರಿಸಿದರು.

ಪುಟ್ಟ ಟೀವಿ ನೋಡುತ್ತಿರಲಿಲ್ಲ. ಆರನೇ ಪುಟದ ಮೊತ್ತ ಕೂಡಿ, ನೋಟ್‌ಬುಕ್ಕಿನ ಮೊದಲ ಹಾಳೆಗೆ ತಿರುಗಿಸಿ, ಅಲ್ಲಿ ತಾನು ಬಿಟ್ಟಿದ್ದ ಖಾಲಿ ಜಾಗದಲ್ಲಿ ತಂಡದ ಹೆಸರು ಬರೆದ. ಅದರ ಪಕ್ಕ ಗೆಲುವು 5, ಸೋಲು 1. ಪೆನ್ಸಿಲನ್ನು ಒತ್ತಿ ಬರೆದಿದ್ದ, ಅಳಿಸಲು ಬಾರದ ಹಾಗೆ.